ಶ್ರೀರಂಗಪಟ್ಟಣದ ಮಳೆ, ಲಂಡನ್ನಿನ ತಾಮ್ರದ ತಗಡು

ಕಳೆದ ವಾರ ಜೇಮ್ಸ್ ಗಿಲ್‌ರೇ ರಚಿಸಿದ ವ್ಯಂಗ್ಯಚಿತ್ರವೊಂದನ್ನು ಪರದೆಯ ಮೇಲೆ ದೊಡ್ಡದು ಮಾಡಿಕೊಂಡು ಬಹಳ ಹೊತ್ತು ನೋಡುತ್ತ ಕುಳಿತಿದ್ದೆ. 1791ರ ಡಿಸೆಂಬರ್ 6ರಂದು ಲಂಡನ್ನಿನಲ್ಲಿ ಪ್ರಕಟವಾದ ಈ ಚಿತ್ರದ ಹೆಸರಿನಲ್ಲೇ ನಮ್ಮ ಊರಿದೆ: ‘ಮಳೆಗಾಲದ ಆಗಮನ, ಅಥವಾ ಶ್ರೀರಂಗಪಟ್ಟಣದಿಂದ ಹಿಮ್ಮೆಟ್ಟಿದ್ದು’. ಕೋಟೆಯ ಮೇಲೆ ನಿಂತ ಟಿಪ್ಪು ಸುಲ್ತಾನ್, ಓಡುತ್ತಿರುವ ಇಂಗ್ಲಿಷ್ ಸೇನೆಯ ಮೇಲೆ ಮೂತ್ರ ಹೊಯ್ಯುತ್ತಿದ್ದಾನೆ. ಗವರ್ನರ್ ಜನರಲ್ ಕಾರ್ನ್‌ವಾಲಿಸ್ ಕತ್ತೆಯೇರಿ ಪಲಾಯನ ಮಾಡುತ್ತಿದ್ದಾನೆ. ಹೆಸರಿನಲ್ಲಿರುವ ಮಳೆ ಯಾವುದೆಂದು ಬಿಡಿಸಿ ಹೇಳಬೇಕಾಗಿಲ್ಲ.

ನಡೆದದ್ದು ಇಷ್ಟು. ಮೂರನೇ ಮೈಸೂರು ಯುದ್ಧದಲ್ಲಿ ಶ್ರೀರಂಗಪಟ್ಟಣ ಹಿಡಿಯಲು ಬಂದ ಕಾರ್ನ್‌ವಾಲಿಸ್, 1791ರ ಮೇ 15ರಂದು ಅದರ ಹತ್ತಿರದ ಅರಕೆರೆಯ ಬಳಿ ಕಾಳಗವನ್ನೇನೋ ಗೆದ್ದ. ಆದರೆ ಎತ್ತುಗಳು ಸತ್ತು, ದವಸ ತೀರಿ, ಮಳೆ ಹಿಡಿದು, ಕೋಟೆ ಒಡೆಯಲು ತಂದ ಭಾರಿ ತೋಪುಗಳನ್ನು ತಾನೇ ಹಾಳುಗೆಡವಿ, ತಿಂಗಳು ಮುಗಿಯುವ ಮೊದಲೇ ಬೆಂಗಳೂರಿನತ್ತ ತಿರುಗಿದ. ಆ ಸುದ್ದಿ ಹಡಗಿನಲ್ಲಿ ಸಾಗಿ ತಾಮ್ರದ ತಗಡಿನ ಮೇಲೆ ಚಿತ್ರವಾಗುವಷ್ಟರಲ್ಲಿ ಆರು ತಿಂಗಳು ಕಳೆದಿದ್ದವು.

ಆ ತಗಡಿನ ಕೆಲಸ ನನ್ನನ್ನು ಇಂದಿಗೂ ಬೆರಗುಗೊಳಿಸುತ್ತದೆ. ತಾಮ್ರಕ್ಕೆ ಮೇಣದ ಲೇಪ ಕೊಟ್ಟು, ಸೂಜಿಯಿಂದ ಗೆರೆ ಎಳೆದು, ಆಮ್ಲ ಆ ಗೆರೆಗಳನ್ನಷ್ಟೇ ಕೊರೆಯುವಂತೆ ಮಾಡಿ, ಮಸಿ ತುಂಬಿ ಒದ್ದೆ ಕಾಗದದ ಮೇಲೆ ಒತ್ತಬೇಕು. ಮುದ್ರಣದಲ್ಲಿ ಎಡ ಬಲವಾಗುವುದರಿಂದ ಬರಹವನ್ನೆಲ್ಲ ಕನ್ನಡಿಯಲ್ಲಿ ಕಂಡಂತೆ ತಿರುಗಿಸಿ ಬರೆಯಬೇಕು. ಹುಡುಗನಾಗಿದ್ದಾಗ ಅಕ್ಷರ ಕೆತ್ತುವ ಕುಶಲಕರ್ಮಿಯ ಬಳಿ ದುಡಿದು, ಆಮೇಲೆ ರಾಯಲ್ ಅಕಾಡೆಮಿಯ ಶಾಲೆಯಲ್ಲಿ ಕಲಿತ ಗಿಲ್‌ರೇಗೆ ಇದು ಕರತಲಾಮಲಕವಾಗಿತ್ತು. ಅವನ ಚಿತ್ರಗಳನ್ನು ಮಾರುತ್ತಿದ್ದವಳು ಹ್ಯಾನಾ ಹಂಫ್ರಿ. ಕೊಳ್ಳಲು ಹಣವಿದ್ದವರು ಕೈಯಿಂದ ಬಣ್ಣ ತುಂಬಿದ ಪ್ರತಿಗಳನ್ನು ಒಯ್ದರೆ, ಇಲ್ಲದವರು ಅಂಗಡಿಯ ಗಾಜಿನ ಮುಂದೆ ನಿಂತು ನೋಡುತ್ತಿದ್ದರು.

ಗಿಲ್‌ರೇ ಭಾರತಕ್ಕೆ ಬಂದವನಲ್ಲ. ಅವನ ಟಿಪ್ಪು ಲಂಡನ್ನಿನ ಕಲ್ಪನೆಯ ‘ಸುಲ್ತಾನ’, ಮೈಸೂರಿನವನಲ್ಲ. ಹಾಗಿದ್ದರೂ ಈ ಚಿತ್ರವನ್ನು ನಾನು ಗೌರವದಿಂದ ನೋಡುತ್ತೇನೆ. ಯುದ್ಧ ಇನ್ನೂ ನಡೆಯುತ್ತಿರುವಾಗಲೇ ತಮ್ಮ ಸೇನಾಪತಿಯನ್ನು ಕತ್ತೆಯ ಮೇಲೆ ಕೂರಿಸಿ ಬೀದಿಗೆ ತೆರೆದ ಕಿಟಕಿಯಲ್ಲಿ ತೂಗುಹಾಕಲು ಎದೆಗಾರಿಕೆ ಬೇಕು. ಮುದ್ರಣಕ್ಕೆ ಮುಂಚಿತವಾಗಿ ಪರವಾನಗಿ ಪಡೆಯಬೇಕೆಂಬ ಕಾಯಿದೆ 1695ರಲ್ಲೇ ನವೀಕರಣವಾಗದೆ ಕೊನೆಗೊಂಡಿದ್ದುದು ಇದಕ್ಕೆ ದಾರಿ ಮಾಡಿತ್ತು. ಆದರೆ ಪ್ರಕಟವಾದ ಮೇಲೆ ಹಿಡಿಯುವುದಕ್ಕೆ ಅಡ್ಡಿಯಿರಲಿಲ್ಲ: 1796ರಲ್ಲಿ ರಾಜಕುಮಾರಿಯ ಜನನದ ಕುರಿತ ಚಿತ್ರಕ್ಕಾಗಿ ಗಿಲ್‌ರೇಯನ್ನು ಬಂಧಿಸಿದರು, ಮರುವರ್ಷ ಸರ್ಕಾರದಿಂದ ಗುಟ್ಟಾಗಿ ವರ್ಷಾಶನ ಸಿಗತೊಡಗಿತು. ಇಂಥ ಕೈಗೆ ಸಂಬಳ ಕಟ್ಟಿದ ಸಂಗತಿ ನನಗೆ ನಿಜಕ್ಕೂ ನೋವು ತರುತ್ತದೆ.

ಚಿತ್ರ ಪ್ರಕಟವಾಗಿ ಸರಿಯಾಗಿ ಎರಡು ತಿಂಗಳಿಗೆ, 1792ರ ಫೆಬ್ರವರಿ 6ರ ರಾತ್ರಿ, ಕಾರ್ನ್‌ವಾಲಿಸ್ ಮತ್ತೆ ಶ್ರೀರಂಗಪಟ್ಟಣದ ಮೇಲೆ ಎರಗಿದ. ಟಿಪ್ಪು ಆ ತಿಂಗಳ ಕೊನೆಯಲ್ಲಿ ಇಬ್ಬರು ಮಕ್ಕಳನ್ನು ಒತ್ತೆಯಾಗಿ, ಮಾರ್ಚಿಯ ಒಪ್ಪಂದದಲ್ಲಿ ಅರ್ಧ ರಾಜ್ಯವನ್ನು ಒಪ್ಪಿಸಬೇಕಾಯಿತು. ಆ ಸುದ್ದಿ ಹೊತ್ತ ಹಡಗು ಲಂಡನ್ ಮುಟ್ಟುವವರೆಗೆ ಅಲ್ಲಿಯ ಜನರ ಕಣ್ಣಿಗೆ ಕಾರ್ನ್‌ವಾಲಿಸ್ ಕತ್ತೆಯ ಮೇಲೆಯೇ ಇದ್ದ.