ಬಾಂಬೆ ತವರಿಂದ ತಂದವಳು

ಕಾರವಾರದಲ್ಲಿ ಮತ್ಸ್ಯಗಂಧ ರೈಲು ಹತ್ತಿ ಬೆಳಿಗ್ಗೆ ಕುರ್ಲಾದಲ್ಲಿ ಇಳಿದಾಗ ಮಳೆ ಹಿಡ್ಕೊಂಡಿತ್ತು. ಡೊಂಬಿವ್ಲಿಯ ಅತ್ತೆ ಮನೆಲಿ ಬ್ಯಾಗ್ ಇಟ್ಟು, ಅತ್ತೆನೂ ಕರ್ಕೊಂಡು ಲೋಕಲ್‌ನಲ್ಲಿ ಸಿಎಸ್‌ಎಂಟಿ, ಅಲ್ಲಿಂದ ನಡ್ಕೊಂಡು ಫೋರ್ಟ್. ಬಾಂಬೆನ ಯಾರೋ ವರದಕ್ಷಿಣೆ ಕೊಟ್ಟಿದ್ರು ಅಂತ ಅತ್ತೆಗೆ ಗೊತ್ತು, ಆದ್ರೆ ಮದುಮಗಳು ಯಾರು ಅಂದ್ರೆ ಗೊತ್ತಿಲ್ಲ, ನಂಗೆ ಬೇಕಿದ್ದಿದ್ದು ಅವಳ ಕಥೆನೇ.

ಟೌನ್ ಹಾಲ್ ಹಿಂದುಗಡೆ ಹಳೇ ಬಾಂಬೆ ಕೋಟೆಯ ಜಾಗ ಇದೆ. ಈಗ ಅದು ನೌಕಾಪಡೆಯ ಐಎನ್‌ಎಸ್ ಆಂಗ್ರೆ, ಸುಮ್ನೆ ಒಳಗೆ ಹೋಗೋ ಹಾಗಿಲ್ಲ. 1665ರ ಫೆಬ್ರವರಿಲಿ ಅಲ್ಲಿದ್ದ ದೊಡ್ಡಮನೆಲೇ ಪೋರ್ಚುಗೀಸರು ಊರನ್ನ ಇಂಗ್ಲಿಷರಿಗೆ ಒಪ್ಸಿದ್ದು. ಮಳೆ ಜೋರಾಯ್ತು, ಟೌನ್ ಹಾಲ್ ಕಂಬಗಳ ಕೆಳಗೆ ಕೂತು ಅತ್ತೆಗೆ ಹೇಳೋಕೆ ಶುರು ಮಾಡ್ದೆ.

ಹುಡುಗಿ ಪೋರ್ಚುಗಲ್ ರಾಜಕುಮಾರಿ ಕ್ಯಾಥರೀನ್. ಹುಡುಗ ಇಂಗ್ಲೆಂಡಿನ ಎರಡನೇ ಚಾರ್ಲ್ಸ್, ಅಪ್ಪನ ತಲೆ ಕಡಿದ ಮೇಲೆ ಕೈಯಲ್ಲಿ ಕಾಸಿಲ್ದೆ ಯುರೋಪೆಲ್ಲ ಅಲೆದವನು, 1660ರಲ್ಲಿ ಸಿಂಹಾಸನ ಸಿಕ್ಕಿದ್ರೂ ಸಾಲ ತಪ್ಪಿರ್ಲಿಲ್ಲ. ಬಾಂಬೆ, ಉತ್ತರ ಆಫ್ರಿಕಾದ ಟ್ಯಾಂಜಿಯರ್ ಊರು, ಜೊತೆಗೆ 20 ಲಕ್ಷ ಕ್ರುಸಾಡೊ (ಪೋರ್ಚುಗೀಸ್ ನಾಣ್ಯ) ನಗದು ವರದಕ್ಷಿಣೆ ಅಂತ ಮಾತಾಗಿತ್ತು, ಹಡಗು ಬಂದಾಗ ನೋಡಿದ್ರೆ ಹಣದ ಬದ್ಲು ಎಷ್ಟೋ ಪಾಲು ಸಕ್ಕರೆ, ಮಸಾಲೆ. 1662ರ ಮೇ ತಿಂಗಳಲ್ಲಿ ಮದುವೆ ಆಯ್ತು, ಅವಳಿಗೆ 23.

ಅವನ ಪ್ರೇಯಸಿ ಬಾರ್ಬರಾನ ರಾಣಿಯ ಸಖಿಯರ ಪಟ್ಟಿಗೆ ಅವನೇ ಸೇರ್ಸಿದ. ಕ್ಯಾಥರೀನ್ ಆ ಹೆಸರು ಹೊಡೆದು ಹಾಕಿದ್ಲು. ಅವನು ತುಂಬಿದ ಸಭೆಲೇ ಬಾರ್ಬರಾನ ಕರ್ಕೊಂಡು ಬಂದ, ಯಾರು ಅಂತ ತಿಳಿದಾಗ ಇವಳ ಮೂಗಲ್ಲಿ ರಕ್ತ ಸುರಿದು ಅಲ್ಲೇ ಮೂರ್ಛೆ ಹೋದ್ಲು. ತವರಿಗೆ ಹೋಗ್ತೀನಿ ಅಂದ್ಲು, ಅವನು ಇವಳ ಜೊತೆ ಬಂದಿದ್ದ ಪೋರ್ಚುಗೀಸ್ ಜನರನ್ನೇ ಹೆಚ್ಚುಕಮ್ಮಿ ಎಲ್ಲರನ್ನೂ ವಾಪಸ್ ಕಳಿಸ್ದ. ಕೊನೆಗೆ ಸೋತಿದ್ದು ಇವಳೇ.

ಆದ್ರೆ ಮರುವರ್ಷ ಇವಳು ಸಾಯೋ ಹಾಗೆ ಜ್ವರದಲ್ಲಿ ಮಲಗಿದಾಗ ಅದೇ ಗಂಡ ಮಂಚದ ಪಕ್ಕ ಅತ್ತ. ಮಕ್ಕಳೇ ಆಗದವಳು ಜ್ವರದ ಕನವರಿಕೆಲಿ ಮಕ್ಕಳು ಹೇಗಿದಾವೆ ಅಂತ ಕೇಳಿದ್ಲು, ಇವನು ಇಲ್ಲ ಅನ್ಲಿಲ್ಲ. ಇದನ್ನ ಓದಿದಾಗ ನಾನು ಪುಸ್ತಕ ಮುಚ್ಚಿಟ್ಟಿದ್ದೆ. ಆಮೇಲೆ ವಾರಸುದಾರ ಇಲ್ಲ, ಬಿಟ್ಬಿಡು ಅಂತ ಜನ ಹೇಳಿದ್ರೂ ಅವನು ಬಿಡ್ಲಿಲ್ಲ, ಪ್ರೇಯಸಿಯರನ್ನೂ ಬಿಡ್ಲಿಲ್ಲ.

ಈ ಮದುವೆಗೆ ನಮ್ಮೂರೂ ಬೆಲೆ ತೆತ್ತಿದೆ ಅನ್ಸುತ್ತೆ ನಂಗೆ. ಊರು ತಗೊಳ್ಳೋಕೆ ಬಂದ ಶಿಪ್‌ಮನ್ ಸಾಹೇಬರಿಗೆ ಪೋರ್ಚುಗೀಸರು ಬಾಂಬೆ ಕೊಡ್ಲಿಲ್ಲ, ಅವರು ಸೈನಿಕರ ಜೊತೆ ಕಾರವಾರದ ಎದುರಿನ ಅಂಜುದೀವ ದ್ವೀಪದಲ್ಲಿ ಕಾಯ್ತಾ ಕೂತ್ರು, ರೋಗ ಬಂದು ಬಹಳಷ್ಟು ಜನ ಅಲ್ಲೇ ಸತ್ರು, ಶಿಪ್‌ಮನ್ನೂ ಹೋದ್ರು. ಕೊನೆಗೆ ಬಾಂಬೆ ಕೈಗೆ ಬಂದು ಮೂರೇ ವರ್ಷಕ್ಕೆ, 1668ರಲ್ಲಿ, ಚಾರ್ಲ್ಸ್ ಅದನ್ನ ಈಸ್ಟ್ ಇಂಡಿಯಾ ಕಂಪನಿಗೆ ವರ್ಷಕ್ಕೆ 10 ಪೌಂಡ್ ಬಾಡಿಗೆಗೆ ಕೊಟ್ಬಿಟ್ಟ. ಹೆಂಡತಿ ತವರಿಂದ ತಂದ ಊರು ಅದು.

ವಾಪಸ್ ಲೋಕಲ್‌ನಲ್ಲಿ ಕಿಟಕಿ ಪಕ್ಕ ಕೂತ ಅತ್ತೆ ಕೇಳಿದ್ರು, ಕೊನೆಗೇನಾಯ್ತು?

1685ರಲ್ಲಿ ಅವನು ಸಾಯೋವಾಗ ಇವಳಿಗೆ ದುಃಖ ತಡೆಯೋಕಾಗದೆ ಒಳಗೆ ಕರ್ಕೊಂಡು ಹೋದ್ರು, ಅಲ್ಲಿಂದಲೇ ಕ್ಷಮಿಸು ಅಂತ ಹೇಳಿ ಕಳಿಸಿದ್ಲು. ಪಾಪ, ಅವಳು ನನ್ನ ಕ್ಷಮೆ ಕೇಳ್ತಾಳಾ, ಕೇಳಬೇಕಾಗಿದ್ದು ನಾನು ಅಂದನಂತೆ ಅವನು.

"ಆವಾಗ ಅಂದ್ನಾ?" ಅಂದ್ರು ಅತ್ತೆ. ಡೊಂಬಿವ್ಲಿ ಬರೋವರೆಗೂ ಮತ್ತೆ ಮಾತಾಡ್ಲಿಲ್ಲ.