ಮೂರು ಬೆರಳು ಕಡಿಮೆ

ಬಂದೂಕಿನ ಅಂಗಡಿಯಲ್ಲಿ ಕೆಲಸ ಎಂದರೆ ಕೇಳಿದವರ ಕಣ್ಣು ಅರಳುತ್ತದೆ. ಅಂಥವರಿಗೆ ನಮ್ಮ ರಿಜಿಸ್ಟರುಗಳನ್ನು ತೋರಿಸಬೇಕು. ಲೈಸೆನ್ಸ್ ಪುಸ್ತಕದ ನಂಬರು, ನಳಿಗೆಯ ಮೇಲಿನ ನಂಬರು ಎರಡನ್ನೂ ತಾಳೆ ನೋಡುವುದು, ಯುಐಎನ್ (ಲೈಸೆನ್ಸ್ ಇರುವವರಿಗೆ ಸರ್ಕಾರ ಕೊಡುವ ಗುರುತಿನ ಸಂಖ್ಯೆ) ಇಲ್ಲದವರನ್ನು ವಾಪಸು ಕಳಿಸುವುದು, ಒಳಕೋಣೆಯ ಬಂದೂಕುಗಳಿಗೆ ಎಣ್ಣೆ ಬಟ್ಟೆ ಆಡಿಸುವುದು, ಇಷ್ಟರಲ್ಲೇ ವರ್ಷ ಮುಗಿಯುತ್ತದೆ. ಮಾರಾಟ ಅಪರೂಪ. 1972ರಲ್ಲಿ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂದು ಶಿಕಾರಿಯ ವ್ಯಾಪಾರ ಮುಗಿಯಿತು. ಶಸ್ತ್ರಾಸ್ತ್ರ ಕಾಯ್ದೆಗೆ 2019ರಲ್ಲಿ ತಿದ್ದುಪಡಿಯಾಗಿ, ಒಬ್ಬರ ಬಳಿ ಮೂರು ಇರಬಹುದಾಗಿದ್ದ ಬಂದೂಕು ಎರಡಕ್ಕೆ ಇಳಿಯಿತು. ನಮ್ಮ ಮಾಲೀಕರ ಮುಖದಲ್ಲಿ ಕಳೆ ಬರುವುದು ಚುನಾವಣೆ ಘೋಷಣೆಯಾದಾಗ ಮಾತ್ರ.

ನೀತಿ ಸಂಹಿತೆ ಜಾರಿಯಾಯಿತೆಂದರೆ ಠಾಣೆಯಿಂದ ನೋಟಿಸು ಹೋಗುತ್ತದೆ, ಬಂದೂಕುಗಳು ಜಮಾ ಆಗಬೇಕು. ಬ್ಯಾಂಕಿನ ಕಾವಲುಗಾರರು, ಸ್ಪರ್ಧೆಗೆ ಹೋಗುವ ಶೂಟರುಗಳು ಮುಂತಾದವರಿಗೆ ವಿನಾಯಿತಿ ಸಿಗುತ್ತದೆ. ಉಳಿದವರು ಒಂದೋ ಠಾಣೆಯಲ್ಲಿ ಇಡಬೇಕು, ಇಲ್ಲವೇ ನಮ್ಮಂಥ ಲೈಸೆನ್ಸ್ ಇರುವ ಅಂಗಡಿಯಲ್ಲಿ. ಠಾಣೆಯಲ್ಲಿ ತುಕ್ಕು ಹಿಡಿಯುತ್ತದೆ ಎಂಬ ನಂಬಿಕೆ ಬೆಳಗಾವಿ ಸೀಮೆಯಲ್ಲಿ ಗಟ್ಟಿಯಾಗಿ ಬೇರೂರಿರುವುದರಿಂದ ನಮಗೆ ಬಾಡಿಗೆ ಬರುತ್ತದೆ. 2024ರ ಮಾರ್ಚ್ 16ರಂದು ಲೋಕಸಭೆ ಚುನಾವಣೆ ಘೋಷಣೆಯಾಯಿತು. ನಮ್ಮಲ್ಲಿ ಮತದಾನ ಮೇ 7ಕ್ಕೆ. ಮರುವಾರದ ಹೊತ್ತಿಗೆ ಬಾಗಿಲ ಹೊರಗಿನ ಬೆಂಚು ಸಾಲದೆ ಜನ ಪಕ್ಕದ ಚಹಾದಂಗಡಿಯ ಕಟ್ಟೆಯ ಮೇಲೆ ಬಂದೂಕು ತೊಡೆಗಿಟ್ಟುಕೊಂಡು ಕುಳಿತಿದ್ದರು. ಮಾಲೀಕರ ಆಜ್ಞೆ ಒಂದೇ: ‘ಯಾರನ್ನೂ ಐದು ನಿಮಿಷಕ್ಕಿಂತ ಹೆಚ್ಚು ನಿಲ್ಲಿಸಬೇಡಿ.’

ಐದು ನಿಮಿಷದಲ್ಲಿ ಆಗುವ ಬಂದೂಕುಗಳು ಇವೆ, ಇಲ್ಲವೆನ್ನುವುದಿಲ್ಲ. ಒಂದು ವಾಡೆಯಿಂದ ಪ್ರತಿ ಚುನಾವಣೆಗೂ ಒಂದು ರೈಫಲ್ ಬರುತ್ತದೆ; .375 ಮ್ಯಾಗ್ನಮ್, ವಿಲಾಯತಿ ಮಾಲು, ಒಳಗೆ ಮಖಮಲ್ಲಿನ ಪೆಟ್ಟಿಗೆ. ಅವರ ಅಜ್ಜ ದಾಂಡೇಲಿ ಕಾಡಿಗೆ ಒಯ್ಯುತ್ತಿದ್ದರಂತೆ. ಈಗ ಅದು ಮಾಡುವ ಪ್ರಯಾಣವೆಂದರೆ ವಾಡೆಯಿಂದ ಅಂಗಡಿಗೆ, ಅಂಗಡಿಯಿಂದ ವಾಡೆಗೆ. ಬೋಲ್ಟ್ ಹೊರಗೆಳೆದು ಹಿಂದಿನಿಂದ ಕಣ್ಣಿಟ್ಟರೆ ನಳಿಗೆಯ ಆಚೆ ಬೀದಿಯ ಬೆಳಕು ದುಂಡಗೆ ಕಾಣುತ್ತದೆ. ಮಾಲೀಕರು ಅದನ್ನು ತಾವೇ ಎತ್ತಿಡುತ್ತಾರೆ, ನಮ್ಮ ಕೈ ಸೋಕಬಾರದು. ಕಾರ್ಖಾನೆಯ .315 ರೈಫಲ್ ಕೂಡ ಹಾಗೆಯೇ. ಡಿಬಿಬಿಎಲ್, ಎಸ್‌ಬಿಬಿಎಲ್ ಎಂಬ, ಹಿಂದಿನಿಂದ ಕಾಡತೂಸು ತುಂಬುವ ಜೋಡಿ ಮತ್ತು ಒಂಟಿ ನಳಿಗೆಯವು ಬಂದರೆ ಹಿಂಬದಿಯಲ್ಲಿ ಮಡಚಿ ಬಿಚ್ಚಿದರಾಯಿತು, ಕಾಡತೂಸು ಇದ್ದರೆ ಹಿತ್ತಾಳೆಯ ಬುಡ ಎದುರಿಗೇ ಹೊಳೆಯುತ್ತದೆ.

ಗೋಳು ಎಸ್‌ಬಿಎಂಎಲ್‌ನದು. ಖಾನಾಪುರ ತಾಲ್ಲೂಕಿನ ಕಾಡಂಚಿನ ಊರುಗಳಿಂದ ಬೆಳೆ ರಕ್ಷಣೆಯ ಲೈಸೆನ್ಸಿನ ಮೇಲೆ ಬರುವ ಒಂಟಿ ನಳಿಗೆಯವು. ಮದ್ದು, ನಾರು, ಸೀಸ ಎಲ್ಲವೂ ಬಾಯಿಂದಲೇ ಒಳಗೆ ಹೋಗಬೇಕು, ಹಿಂಬದಿ ಬೆಸುಗೆ ಹಾಕಿದಂತೆ ಮುಚ್ಚಿರುತ್ತದೆ. ಕಣ್ಣಿಟ್ಟರೆ ಕಾಣುವುದು ಕತ್ತಲೆ. ಒಳಗೆ ಏನಿದೆ ಎಂದು ತಿಳಿಯಲು ಒಂದೇ ದಾರಿ: ಸಲಾಕೆ ತಳ ಮುಟ್ಟುವವರೆಗೆ ಇಳಿಸಿ, ಬಾಯಿಯ ಮಟ್ಟಕ್ಕೆ ಹೆಬ್ಬೆರಳಿಟ್ಟು, ಹೊರಗೆ ತೆಗೆದು ಅದೇ ಅಳತೆಯನ್ನು ನಳಿಗೆಯ ಮೇಲೆ ಇಟ್ಟು ನೋಡುವುದು. ಸಲಾಕೆಯ ತುದಿ ನಿಪ್ಪಲ್ (ಮದ್ದಿಗೆ ಕಿಡಿ ಹೋಗುವ ತೂತಿನ ಸಣ್ಣ ಕೊಳವೆ) ಇರುವ ಜಾಗದವರೆಗೆ ಬಂದರೆ ಸರಿ. ಕಡಿಮೆ ಬಿದ್ದರೆ ಒಳಗೆ ಏನೋ ಕುಳಿತಿದೆ.

ಆ ಮಧ್ಯಾಹ್ನ ಬಂದದ್ದು ಕಕ್ಕೇರಿ ಕಡೆಯ ಅಜ್ಜ. ಮೊಮ್ಮಗನ ಬೈಕಿನ ಹಿಂದೆ ಕುಳಿತು, ಗೋಣಿತಟ್ಟಿನಲ್ಲಿ ಬಂದೂಕು ಸುತ್ತಿ ತಂದಿದ್ದರು. ದಸರೆಯ ಖಂಡೇ ಪೂಜೆಯ ಕುಂಕುಮ ಹಿಡಿಯ ಕಟ್ಟಿಗೆಯ ಸಂದಿನಲ್ಲಿ ಇನ್ನೂ ಇತ್ತು. ‘ಖಾಲಿ ಇದೆಯೇ ಅಜ್ಜಾ?’ ಎಂದೆ. ‘ಖಾಲಿ ಇದೆಯಪ್ಪಾ, ಎಷ್ಟೋ ವರ್ಷದಿಂದ ಹೊಡೆದೇ ಇಲ್ಲ’ ಎಂದರು. ಬಂದೂಕಿನ ಕುದುರೆ ಎತ್ತಿ ನೋಡಿದೆ, ನಿಪ್ಪಲ್ಲಿನ ಮೇಲೆ ಕಿಡಿ ಹೊತ್ತಿಸುವ ಕೇಪು ಇರಲಿಲ್ಲ. ಸಲಾಕೆ ಇಳಿಸಿದೆ, ಅಳೆದೆ. ಮೂರು ಬೆರಳು ಕಡಿಮೆ.

ಇಲ್ಲಿ ನನ್ನ ಪರವಾಗಿ ಒಂದು ಮಾತು ಹೇಳಲೇಬೇಕು. ಗೋಡೆಗೆ ನೇತುಹಾಕಿದ ಎಸ್‌ಬಿಎಂಎಲ್‌ಗಳಲ್ಲಿ ಅಳತೆ ಕಡಿಮೆ ಬರುವುದು ವಿಶೇಷವಲ್ಲ. ಕುಂಬಾರ ಹುಳು ನಳಿಗೆಯೊಳಗೆ ಮಣ್ಣಿನ ಗೂಡು ಕಟ್ಟುತ್ತದೆ. ಎಣ್ಣೆ ಬಟ್ಟೆಯ ತುಂಡು ಹರಿದು ಒಳಗೇ ಉಳಿದಿರುತ್ತದೆ. ಒಮ್ಮೆ ಸೀಮೆಸುಣ್ಣ ಸಿಕ್ಕಿತ್ತು, ಯಾರ ಮನೆಯ ಮಗುವಿನ ಕೆಲಸವೋ. ವರ್ಷಗಟ್ಟಲೆ ಹೊಡೆದಿಲ್ಲ, ಕೇಪು ಇಲ್ಲ, ಅಜ್ಜನ ಮುಖದಲ್ಲಿ ಎಳ್ಳಷ್ಟೂ ಅನುಮಾನವಿಲ್ಲ, ಹೊರಗೆ ಸಾಲು ಬೆಳೆಯುತ್ತಿದೆ. ಹುಳುವಿನ ಗೂಡು ಎಂದು ತೀರ್ಮಾನಿಸಿದೆ. ನನ್ನ ಜಾಗದಲ್ಲಿ ಇದ್ದ ಯಾರೇ ಆದರೂ ಹಾಗೆಯೇ ತೀರ್ಮಾನಿಸುತ್ತಿದ್ದರು ಎಂದು ನಾನು ಈಗಲೂ ವಾದಿಸುತ್ತೇನೆ. ಅಂಗಡಿಯಲ್ಲಿ ಬಂದೂಕು ರಿಪೇರಿ ಮಾಡುವ ಉಸ್ತಾದರು ಒಪ್ಪುವುದಿಲ್ಲ.

ಬಂದೂಕನ್ನು ಕೌಂಟರಿಗೆ ಒರಗಿಸಿ ನಿಲ್ಲಿಸಿ, ಮೊಬೈಲಿನ ಬೆಳಕು ಬಿಟ್ಟು, ನಳಿಗೆಯ ಬಾಯಿಗೆ ಮುಖ ತಂದು ಇಣುಕಿದೆ. ಏನೂ ಕಾಣಲಿಲ್ಲ. ಉಕ್ಕಿನ ಸಲಾಕೆ ಮತ್ತೆ ಇಳಿಸಿ, ಮೇಲಿನ ತುದಿಗೆ ಸಣ್ಣ ಸುತ್ತಿಗೆಯಿಂದ ಒಂದು ಏಟು ಕೊಟ್ಟೆ. ಮಣ್ಣಿನ ಗೂಡಾದರೆ ಪುಡಿಯಾಗುವ ಸದ್ದು ಬರಬೇಕು. ಇದು ಮೆತ್ತಗೆ ‘ದಬ್’ ಎಂದಿತು. ಗೂಡು ಹಸಿಯಾಗಿರಬೇಕು ಎಂದುಕೊಂಡು ಇನ್ನೊಂದು ಏಟು ಕೊಟ್ಟೆ. ಮಾರ್ಚ್ ತಿಂಗಳ ಬಿಸಿಲಿನಲ್ಲಿ, ಗೋಡೆಗೆ ತೂಗಿದ ಬಂದೂಕಿನೊಳಗೆ, ಹಸಿ ಗೂಡು! ಆ ಗಳಿಗೆಯಲ್ಲಿ ಅದು ಅಸಂಬದ್ಧ ಅನ್ನಿಸಲೇ ಇಲ್ಲ.

ಹಿಂದಿನ ಕೋಣೆಯಲ್ಲಿ ಉಸ್ತಾದರ ಅರ ನಿಂತಿತು. ಅವರು ಕೂಗಲಿಲ್ಲ, ಓಡಿಯೂ ಬರಲಿಲ್ಲ. ನಡೆದು ಬಂದು, ಮೂರನೆಯ ಏಟಿಗೆ ಎತ್ತಿದ ನನ್ನ ಮಣಿಕಟ್ಟು ಹಿಡಿದು, ‘ಸುತ್ತಿಗೆ ಕೊಡು. ಮುಖ ಆಚೆ ತೆಗೆ’ ಎಂದರು. ಆಮೇಲೆ ಬೆಂಚಿನ ಮೇಲಿದ್ದವರಿಗೆ, ಚಹಾ ಕುಡಿದು ಬನ್ನಿ ಎಂದು ಸಹಜವಾಗಿಯೇ ಹೇಳಿದರು. ಚುನಾವಣೆಯ ಮಾತಿನಲ್ಲಿ ಮುಳುಗಿದ್ದ ಅವರು ಏಳುವ ಲಕ್ಷಣ ಕಾಣಲಿಲ್ಲ. ಒಬ್ಬರಂತೂ ತಮ್ಮ ಸರದಿ ಹೋಗುತ್ತದೆಯೇ ಎಂದು ಕೇಳಿದರು. ಉಸ್ತಾದರು ಷಟರ್ ಎಳೆಯಲು ಕೈ ಹಾಕಿದರು. ಅಷ್ಟರಲ್ಲಿ ಫೋನಿನಲ್ಲಿದ್ದ ಮಾಲೀಕರು ತಲೆಯೆತ್ತಿ, ‘ಷಟರ್ ಯಾಕೆ ಎಳೆಯುತ್ತಿದ್ದೀರಿ?’ ಎಂದು ಗದರಿದರು. ಉಸ್ತಾದರು ಉತ್ತರ ಕೊಡದೆ ಅಜ್ಜನ ಕಡೆ ತಿರುಗಿದರು.

‘ಅಜ್ಜಾ, ಕಡೆಯ ಸಲ ಹೊಡೆದದ್ದು ಯಾವಾಗ?’

‘ಊರಲ್ಲಿ ಗುಡಿಯ ಕಳಸ ಇಟ್ಟ ವರ್ಷ. ಕಬ್ಬಿಗೆ ಹಂದಿ ಬಂದಿತ್ತು. ಬೆದರಿಸಲು ಹೊಡೆದಿದ್ದೆ.’

‘ಹೊಡೆದ ಮೇಲೆ ಮತ್ತೆ ತುಂಬಿದ್ದಿರೋ?’

‘ತುಂಬದೆ ಇಡುತ್ತಾರೆಯೇ? ಹಂದಿ ಹೇಳಿ ಕಳಿಸಿ ಬರುತ್ತದೆಯೇ?’

‘ಮತ್ತೆ ಈ ಹುಡುಗನಿಗೆ ಖಾಲಿ ಎಂದಿರಲ್ಲ!’

‘ಕೇಪು ತೆಗೆದಿದ್ದೇನಲ್ಲಪ್ಪಾ’ ಎಂದರು ಅಜ್ಜ, ಇಷ್ಟು ಸರಳ ವಿಷಯ ನಮಗೆ ತಿಳಿಯದ್ದಕ್ಕೆ ಬೇಸರಪಟ್ಟು.

ಗುಡಿಯ ಕಳಸ ಇಟ್ಟಾಗ ಬೈಕಿನ ಮೊಮ್ಮಗ ಹುಟ್ಟಿರಲಿಲ್ಲ. ಅಷ್ಟು ಹಳೆಯ ಮದ್ದು ಸತ್ತಿರುತ್ತದೆ ಎಂದು ನಾನು ಬಾಯಿಬಿಟ್ಟೆ. ಉಸ್ತಾದರು ನೋಡಿದ ನೋಟ ಇವತ್ತಿಗೂ ಚುಚ್ಚುತ್ತದೆ. ಕಪ್ಪು ಮದ್ದು ಎಂದರೆ ಪೆಟ್ಲುಪ್ಪು ಎಪ್ಪತ್ತೈದು ಪಾಲು, ಇದ್ದಿಲು ಹದಿನೈದು, ಗಂಧಕ ಹತ್ತು. ಒಣಗಿದ ಜಾಗದಲ್ಲಿದ್ದರೆ ಅದಕ್ಕೆ ಮುಪ್ಪಿಲ್ಲ. ಒಮ್ಮೆ ತೊಯ್ದರೂ, ಒಣಗಿದ ಮೇಲೆ ಮತ್ತೆ ಉರಿಯಬಲ್ಲದು. ಕೇಪು ಇಲ್ಲ ಎಂಬುದು ಸಮಾಧಾನದ ಮಾತಲ್ಲ. ಉಕ್ಕಿಗೆ ಉಕ್ಕು ತಾಗಿದರೆ ಕಿಡಿ ಸಾಕು. ನಾನು ಉಕ್ಕಿನ ಸಲಾಕೆಯಿಂದ, ಸುತ್ತಿಗೆ ಹಿಡಿದು, ಜಡಿದ ಮದ್ದಿನ ಮೇಲೆ ಕುಟ್ಟುತ್ತಿದ್ದೆ, ಅದೂ ನಳಿಗೆಯ ಬಾಯಿಯ ನೇರಕ್ಕೆ ಮುಖವಿಟ್ಟು.

ಬಂದೂಕನ್ನು ಹಿತ್ತಲಿಗೆ ಒಯ್ದದ್ದು ಅವರೇ. ಗೋಡೆ ಕೆಲಸಕ್ಕೆ ತಂದು ಉಳಿದಿದ್ದ ಮರಳಿನ ರಾಶಿಗೆ ನಳಿಗೆಯ ಬಾಯಿ ತಿರುಗಿಸಿ ಮಲಗಿಸಿದರು. ಪಕ್ಕಕ್ಕೆ ಕುಳಿತು ನಿಪ್ಪಲ್ ಬಿಚ್ಚಿದರು. ಅದು ತುಕ್ಕು ಹಿಡಿದು ಕಚ್ಚಿಕೊಂಡಿತ್ತು, ಎಣ್ಣೆ ಬಿಟ್ಟು ಕಾಯಬೇಕಾಯಿತು. ಕಾಯುವಾಗ ಅವರು ಬೀಡಿ ಸೇದುವವರು. ಅಂದು ಬೀಡಿಯ ಕಟ್ಟನ್ನು, ಬೆಂಕಿಪೊಟ್ಟಣವನ್ನು ಜೇಬಿನಿಂದ ತೆಗೆದು ನನ್ನ ಕೈಗೆ ಕೊಟ್ಟು, ಒಳಗೆ ಇಟ್ಟು ಬಾ ಎಂದರು. ನಿಪ್ಪಲ್ ಕಳಚಿದ ಮೇಲೆ ಆ ತೂತಿನಿಂದ ಸಿರಿಂಜಿನಲ್ಲಿ ನೀರು ಬಿಟ್ಟರು. ಮತ್ತೆ ಕಾದೆವು. ಆ ಹೊತ್ತಿನಲ್ಲಿ ಮಾಲೀಕರು ಎರಡು ಸಲ ಬಾಗಿಲಿಗೆ ಬಂದು ಗಡಿಯಾರ ನೋಡಿಕೊಂಡು ಹೋದರು.

ತುಂಬಿದ್ದನ್ನು ಎಳೆಯುವ ಕೊಕ್ಕೆ ತರಿಸಿಕೊಡಿ ಎಂದು ಉಸ್ತಾದರು ಹಿಂದಿನ ವಿಧಾನಸಭೆ ಚುನಾವಣೆಯಿಂದ, ಅಂದರೆ 2023ರಿಂದ, ಕೇಳುತ್ತಿದ್ದರು. ‘ಈಗಿನ ಕಾಲದಲ್ಲಿ ಅದಕ್ಕೆ ಖರ್ಚು ಯಾಕೆ’ ಎಂಬುದೇ ಉತ್ತರ. ಕಡೆಗೆ ತಾವೇ ಹಿತ್ತಾಳೆಯ ಸಲಾಕೆಯ ತುದಿಗೆ ಎರಡು ಎಳೆಯ ತಿರುಚು ಕೊಕ್ಕೆ ಕೂರಿಸಿಕೊಂಡಿದ್ದರು. ಅದನ್ನು ಒಳಗೆ ಬಿಟ್ಟು, ತಿರುಗಿಸಿ, ದೇಹವನ್ನು ನಳಿಗೆಯ ನೇರದಿಂದ ಆದಷ್ಟು ಆಚೆ ಇಟ್ಟು ಎಳೆದರು. ಮೊದಲು ತೆಂಗಿನ ನಾರಿನ ಉಂಡೆ ಬಂತು. ಅದರ ಹಿಂದೆ ಸೀಸದ ಕಾಳುಗಳು, ಜೊತೆಗೆ ಸೈಕಲ್ ಬೇರಿಂಗಿನ ಗುಂಡುಗಳು, ಒಂದು ಮುರಿದ ಮೊಳೆ. ಬೆದರಿಸಲು ತುಂಬಿದ್ದಂತೆ! ಬೆಳೆ ರಕ್ಷಣೆಗೆ ಬಂದೂಕಿನ ಲೈಸೆನ್ಸ್ ಇದ್ದ ಮಾತ್ರಕ್ಕೆ ಹಂದಿ ಹೊಡೆಯಲು ಅನುಮತಿ ಇದ್ದಂತಲ್ಲ, ಅದು ಅರಣ್ಯ ಇಲಾಖೆಯಿಂದ ಬೇರೆಯಾಗಿಯೇ ಸಿಗಬೇಕು. ಆ ಹೊತ್ತಿನಲ್ಲಿ ಅಜ್ಜನಿಗೆ ಅದನ್ನು ಬೋಧಿಸುವ ಮನಸ್ಸು ಯಾರಿಗೂ ಇರಲಿಲ್ಲ. ಮತ್ತೆ ನಾರು. ಅದರ ಹಿಂದೆ ಮದ್ದು, ತಳದಲ್ಲಿ ಕೆಸರು, ನೀರು ಮುಟ್ಟದ ಮೇಲ್ಭಾಗದಲ್ಲಿ ಒಣ ಪುಡಿ.

ಆ ಒಣ ಪುಡಿಯಲ್ಲಿ ಒಂದು ಚಿಟಿಕೆಯನ್ನು ಕಲ್ಲಿನ ಮೇಲೆ ಹಾಕಿ, ಕಡ್ಡಿ ಗೀರಲು ನನಗೇ ಹೇಳಿದರು. ಭುಸ್ ಎಂದು ಎದ್ದ ಉರಿಗೆ ಕೈಯ ರೋಮ ಸುಟ್ಟಿತು. ಗಂಧಕದ ವಾಸನೆ ಕೌಂಟರಿನವರೆಗೂ ಹೋಗಿ, ಮಾಲೀಕರು ಮೂರನೆಯ ಸಲ ಬಾಗಿಲಿಗೆ ಬಂದರು.

ಮಾಲೀಕರ ಕ್ರಮ ಮರುದಿನವೇ ಜಾರಿಯಾಯಿತು. ಫ್ಲೆಕ್ಸ್ ಬೋರ್ಡು: ‘ಬಂದೂಕುಗಳನ್ನು ಖಾಲಿ ಮಾಡಿಕೊಂಡೇ ತರತಕ್ಕದ್ದು.’ ಇದಕ್ಕಿಂತ ಅಪಾಯದ ಸೂಚನೆಯನ್ನು ಬರೆಸಲು ಸಾಧ್ಯವಿರಲಿಲ್ಲ. ಮನೆಯಲ್ಲಿ ಖಾಲಿ ಮಾಡು ಎಂದರೆ ರೈತ ಮಾಡುವುದು ಎರಡರಲ್ಲಿ ಒಂದು: ನಾನು ಕುಟ್ಟಿದಂತೆ ಕುಟ್ಟುತ್ತಾನೆ, ಇಲ್ಲವೇ ಕೇಪು ಹಾಕಿ ಆಕಾಶಕ್ಕೆ ಹೊಡೆಯುತ್ತಾನೆ. ತುಕ್ಕು ತಿಂದ ನಳಿಗೆಯಲ್ಲಿ ಹಳೆಯ ತುಂಬನ್ನು ಹೊಡೆದರೆ ನಳಿಗೆ ಸೀಳಬಹುದು. ಸೀಳದೆ ಸದ್ದು ಮಾತ್ರ ಬಂದರೂ ನೀತಿ ಸಂಹಿತೆಯ ಕಾಲದಲ್ಲಿ ಪೊಲೀಸರು ಬರುತ್ತಾರೆ. ಬೋರ್ಡು ಓದಿದ ಬೈಲಹೊಂಗಲ ಕಡೆಯವರೊಬ್ಬರು ಫೋನ್ ಮಾಡಿ, ‘ಹಿತ್ತಲಲ್ಲಿ ಒಂದು ಹೊಡೆದು ತರಲೇನ್ರೀ?’ ಎಂದು ಕೇಳಿದರು. ಫೋನನ್ನು ಮಾಲೀಕರ ಕೈಗೆ ಕೊಟ್ಟೆ. ಆಮೇಲೆ ಬೋರ್ಡಿನ ಮೇಲೆ ಪಂಚಾಂಗದ ಕ್ಯಾಲೆಂಡರ್ ಬಂತು, ಬೋರ್ಡನ್ನು ಮಾತ್ರ ಇಳಿಸಲಿಲ್ಲ. ಫ್ಲೆಕ್ಸಿಗೆ ದುಡ್ಡು ಕೊಟ್ಟಾಗಿತ್ತಲ್ಲ.

ಉಸ್ತಾದರು ಕೆಲಸ ಬಿಡುವ ಬೆದರಿಕೆ ಹಾಕಿ ಗಳಿಸಿದ್ದು ಇಷ್ಟು: ಎರಡು ಮರಳಿನ ಚೀಲ, ಅಳತೆಗೆ ಕಟ್ಟಿಗೆಯ ಕೋಲು, ಎಸ್‌ಬಿಎಂಎಲ್‌ಗಳಿಗೆ ಬೆಳಗಿನ ಪ್ರತ್ಯೇಕ ವೇಳೆ. ಉಕ್ಕಿನ ಸಲಾಕೆ ಅವರ ಪೆಟ್ಟಿಗೆಯೊಳಗೆ ಬೀಗದಲ್ಲಿದೆ. ಖಾಲಿ ಇದೆಯೇ ಎಂದು ನಾನು ಈಗ ಯಾರನ್ನೂ ಕೇಳುವುದಿಲ್ಲ. ಕಡೆಯ ಸಲ ತುಂಬಿದ್ದು ಯಾವಾಗ ಎಂದು ಕೇಳುತ್ತೇನೆ. ಮುಖ ತಿರುಗಿಸಿದರೂ, ತಲೆ ಕೆರೆದುಕೊಂಡರೂ ಉತ್ತರ ಸಿಕ್ಕಂತೆಯೇ. ಅಳತೆಯಲ್ಲಿ ಒಂದು ಬೆರಳು ವ್ಯತ್ಯಾಸ ಬಂದರೂ ಅದು ಹಿತ್ತಲಿಗೆ ಹೋಗುತ್ತದೆ. ಅದರಲ್ಲಿ ಹೆಚ್ಚಿನವು ಕುಂಬಾರ ಹುಳುವಿನ ಗೂಡುಗಳೇ ಎಂಬುದನ್ನು ಉಸ್ತಾದರಿಗೆ ನೆನಪಿಸದೆ ಬಿಡುವುದಿಲ್ಲ.

ತೊಡಕು ಉಳಿದದ್ದು ರಿಜಿಸ್ಟರಿನಲ್ಲಿ. ಜಮಾ ಪುಸ್ತಕದಲ್ಲಿ ಬಂದೂಕಿಗೆ ಒಂದು ಕಲಂ, ಕಾಡತೂಸಿನ ಸಂಖ್ಯೆಗೆ ಒಂದು ಕಲಂ. ನಳಿಗೆಯೊಳಗಿಂದ ತೆಗೆದ ಮದ್ದು, ಸೀಸ, ಮೊಳೆ ಯಾವ ಕಲಮಿಗೆ ಹೋಗಬೇಕು? ಮಾಲೀಕರು ‘ಷರಾ’ದಲ್ಲಿ ‘ಇತರೆ’ ಎಂದು ಬರೆದರು. ತಪಾಸಣೆಗೆ ಬಂದವರು ಆ ಒಂದು ಪದದ ಮೇಲೆ ಬೆರಳಿಟ್ಟು ಕುಳಿತು ಅರ್ಧ ದಿನ ಕಳೆದರು.

ಜೂನ್‌ನಲ್ಲಿ ಫಲಿತಾಂಶ ಮುಗಿದು ಬಂದೂಕುಗಳನ್ನು ಮರಳಿಸುವಾಗ ಅಜ್ಜ ಬಂದರು. ಬಾಡಿಗೆಯ ಚೀಟಿಯಲ್ಲಿ ‘ಸ್ವಚ್ಛತೆ’ ಎಂದು ಹೆಚ್ಚುವರಿ ಮೊತ್ತ ಸೇರಿದ್ದನ್ನು ಮೊಮ್ಮಗ ಓದಿ ಹೇಳಿದ. ಅಜ್ಜ ಸಿಟ್ಟಾದರು: ‘ನಾನು ತುಂಬಿ ಕೊಟ್ಟದ್ದನ್ನು ನೀವು ತೆಗೆದಿರಿ, ಅದಕ್ಕೆ ದುಡ್ಡು ನಾನು ಕೊಡಬೇಕೇ? ನನ್ನ ಮಾಲು ನನಗೆ ಕೊಡಿ.’ ಮದ್ದು ನೀರುಪಾಲಾಗಿದೆ, ಸೀಸ ಲೆಕ್ಕದಲ್ಲಿದೆ, ಕೊಡಲು ಬರುವುದಿಲ್ಲ ಎಂದು ಮಾಲೀಕರು ಕಾಯ್ದೆ ಹೇಳತೊಡಗಿದರು. ಉಸ್ತಾದರು ಒಳಗಿನಿಂದ ಬೇರಿಂಗಿನ ಗುಂಡುಗಳ ಪೊಟ್ಟಣ ತಂದು, ಇದು ಸೈಕಲ್ ಅಂಗಡಿಯ ಮಾಲು, ಯಾವ ಕಾಯ್ದೆಯಲ್ಲೂ ಬರುವುದಿಲ್ಲ, ಸೈಕಲ್ಲಿಗೇ ಹಾಕಿಸಿ ಎಂದು ಅಜ್ಜನ ಅಂಗೈಗೆ ಸುರಿದರು. ಅಜ್ಜ ಒಂದೊಂದಾಗಿ ಎಣಿಸಿ, ಒಂದು ಕಡಿಮೆ ಇದೆ ಎಂದರು.