ನೂರ ಮೂರು ಡಿಗ್ರಿಗೆ ಕುದಿದ ನೀರು: ಎಸ್ಟೀಮ್ ಥರ್ಮೋಸ್ಟಾಟ್ ಕೆಲಸದ ಮುಂದುವರಿಕೆ

ಆರು ವಾರಗಳಿಂದ ನನ್ನ ನಿದ್ದೆ ಕೆಡಿಸಿದ್ದ, ಕಾರಿನ 82 ಡಿಗ್ರಿ ಥರ್ಮೋಸ್ಟಾಟಿನ (ಎಂಜಿನ್ ತಣ್ಣಗಿಡುವ ದ್ರವವಾದ ಕೂಲಂಟನ್ನು, ಅದು ಅಷ್ಟು ಬಿಸಿಯಾದ ಮೇಲಷ್ಟೇ ರೇಡಿಯೇಟರಿಗೆ ಬಿಡುವ ಕವಾಟ) ಗುಟ್ಟು ಕೊನೆಗೂ ಬಯಲಾಯಿತು. ಬಯಲಾದದ್ದು ಬಾನೆಟ್ಟಿನ ಕೆಳಗಲ್ಲ, ಮಂಗಳೂರಿನ ಚಿಕ್ಕಮ್ಮನ ಮನೆಯ ಒಲೆಯ ಮೇಲೆ.

ಕೂಲಂಟ್ ಇಳಿಸುವುದು, ಇನ್‌ಟೇಕ್ ಮ್ಯಾನಿಫೋಲ್ಡ್ ಮೇಲಿನ ಕ್ಯಾಪ್ ಬಿಚ್ಚುವುದು, ಹಳೆಯ ಗ್ಯಾಸ್ಕೆಟ್ಟನ್ನು ಕೆರೆದು ತೆಗೆಯುವುದು, ಕೊನೆಯಲ್ಲಿ ಗಾಳಿ ಹೊರಹಾಕುವುದು, ಇವೆಲ್ಲ ಓದುಗರಿಗೆ ಗೊತ್ತಿರುವ ಕೆಲಸಗಳಾದ್ದರಿಂದ ವಿವರಿಸುವುದಿಲ್ಲ. ಕ್ಯಾಪಿನ ಬೋಲ್ಟುಗಳಲ್ಲಿ ಒಂದು ಅಲ್ಯುಮಿನಿಯಮ್ಮಿನೊಂದಿಗೆ ಬೆಸೆದುಕೊಂಡು ಒಂದು ಇಡೀ ಸಂಜೆಯನ್ನು ನುಂಗಿತೆಂಬುದನ್ನು ಮಾತ್ರ ದಾಖಲಿಸುತ್ತೇನೆ.

ಹಿನ್ನೆಲೆ ಇಷ್ಟು. ನನ್ನ 1298 ಸಿಸಿಯ ಮಾರುತಿ ಎಸ್ಟೀಮನ್ನು ಕೊಂಡಾಗ ಅದರಲ್ಲಿ ಥರ್ಮೋಸ್ಟಾಟೇ ಇರಲಿಲ್ಲ. ‘ನಮ್ಮ ಸೆಖೆಗೆ ಅದು ಯಾಕೆ ಬೇಕು’ ಎಂಬ ನಂಬಿಕೆಯಿಂದ ಯಾರೋ ಪುಣ್ಯಾತ್ಮರು ಅದನ್ನು ಕಿತ್ತು ಎಸೆದಿದ್ದರು. ಕಳೆದ ವರ್ಷ 88 ಡಿಗ್ರಿಯದನ್ನು ಹಾಕಿದೆ. ಅನಂತರ ಶಿರಾಡಿ ಘಾಟಿ ಏರುವಾಗ, ಮೂರನೆಯ ಗೇರಿನಲ್ಲಿ ಆಕ್ಸಿಲರೇಟರ್ ಒತ್ತಿದರೆ, ಡಬ್ಬಿಯಲ್ಲಿ ಗೋಲಿ ಅಲುಗಿಸಿದಂತಹ ನಾಕಿಂಗ್ (ಸಿಲಿಂಡರಿನೊಳಗೆ ಪೆಟ್ರೋಲ್ ಅಂಕೆತಪ್ಪಿ ಸಿಡಿಯುವ) ಸದ್ದು ಬರತೊಡಗಿತು. ಎಂಜಿನ್ನನ್ನು ಸ್ವಲ್ಪ ತಣ್ಣಗಿಟ್ಟರೆ ಸದ್ದು ಅಡಗೀತೆಂಬ ಆಸೆಯಿಂದ 82 ಡಿಗ್ರಿಯದನ್ನು ಹಾಕಲು ಹೊರಟೆ.

ಹಾಕುವ ಮೊದಲು ಪರೀಕ್ಷಿಸಬೇಕೆಂಬ ಶಿಸ್ತು ನನಗಿದೆ. ಈ ಶಿಸ್ತೇ ನನಗೆ ಮುಳುವಾಯಿತು. ಪಾತ್ರೆಯಲ್ಲಿ ನೀರಿಟ್ಟು, ಥರ್ಮೋಸ್ಟಾಟಿನ ಕವಾಟದ ಬಾಯಿಗೆ ಹೊಲಿಗೆ ದಾರ ಸಿಕ್ಕಿಸಿ, ಆ ದಾರದಿಂದಲೇ ಅದನ್ನು ತೂಗುಬಿಡುವ ಹಳೆಯ ಉಪಾಯವನ್ನೇ ಅನುಸರಿಸಿದೆ. ಕವಾಟ ಕೂದಲೆಳೆಯಷ್ಟು ತೆರೆದರೂ ಥರ್ಮೋಸ್ಟಾಟ್ ದಾರ ಬಿಟ್ಟು ಕೆಳಗೆ ಬೀಳುತ್ತದೆ, ಆ ಕ್ಷಣದ ಉಷ್ಣತೆಯನ್ನು ಬರೆದುಕೊಂಡರಾಯಿತು. ಉಷ್ಣತೆ ಅಳೆಯಲು ಥರ್ಮೋಕಪಲ್ ಮೀಟರ್ ಇತ್ತು. ಮೀಟರನ್ನು ಕುರುಡಾಗಿ ನಂಬಬಾರದೆಂದು ಮೊದಲು ಕುದಿಯುವ ನೀರಿನಲ್ಲಿ ಅದ್ದಿ ನೋಡಿದೆ. 97 ತೋರಿಸಿತು. ನೀರು ನೂರಕ್ಕೆ ಕುದಿಯುತ್ತದೆಂದು ಆರನೆಯ ತರಗತಿಯಿಂದ ತಿಳಿದಿರುವ ನಾನು, ಅಗ್ಗದ ಮೀಟರ್ ತಯಾರಿಸಿದವರಿಗೆ ಮನಸಾರೆ ಶಾಪ ಹಾಕಿ, ಅದರ ಮೆನುವಿನಲ್ಲಿ ಮೂರು ಡಿಗ್ರಿಯ ತಿದ್ದುಪಡಿ ಸೇರಿಸಿ, ಒಳ್ಳೆಯ ಕೆಲಸ ಮಾಡಿದೆನೆಂದು ಕಾಫಿ ಕುಡಿದೆ.

ಅನಂತರದ ಫಲಿತಾಂಶಗಳು ಹೀಗಿದ್ದವು. ಕಾರಿನಿಂದ ತೆಗೆದ 88ರ ಥರ್ಮೋಸ್ಟಾಟ್ ದಾರ ಬಿಟ್ಟದ್ದು 91ಕ್ಕೆ. ಪೂರ್ತಿ ತೆರೆದಾಗ ಕವಾಟ ಕನಿಷ್ಠ 8 ಮಿಲಿಮೀಟರ್ ಏಳಬೇಕೆಂದು ಸರ್ವಿಸ್ ಮ್ಯಾನ್ಯುಯಲ್ ಹೇಳುತ್ತದೆ. ಆದರೆ ನೀರು ಕುದಿದು ಉಕ್ಕುತ್ತಿದ್ದರೂ ಇದು ಆರರ ಮೇಲೆ ಏಳಲಿಲ್ಲ. ‘ಸತ್ತಿದೆ’ ಎಂದು ತೀರ್ಮಾನಿಸಿ ಮೂಲೆಗೆಸೆದೆ. ಜೆ.ಸಿ. ರಸ್ತೆಯ ಅಂಗಡಿಯೊಂದರಿಂದ ತಂದಿದ್ದ ಹೊಸದರ ಮೇಲೆ 82 ಎಂದು ಸ್ಪಷ್ಟವಾಗಿ ಅಚ್ಚೊತ್ತಿತ್ತು, ಅದು 81ಕ್ಕೆ ದಾರ ಬಿಟ್ಟಿತು. ಒಂದೆರಡು ಡಿಗ್ರಿ ಆಚೀಚೆ ಸಹಜವೆಂದುಕೊಂಡು ಅದನ್ನೇ ಹಾಕಿದೆ.

ಅಂದಿನಿಂದ ಕಾರು ಜ್ವರ ಬಿಟ್ಟ ರೋಗಿಯಂತಾಯಿತು. ಬೆಳಗಿನ ಹೊತ್ತು ಐಡಲ್ (ಕಾರು ನಿಂತಿರುವಾಗ ಎಂಜಿನ್ ತಿರುಗುವ ವೇಗ) ಇಳಿಯಲು ವಿಪರೀತ ಸಮಯ ಹಿಡಿಯುತ್ತಿತ್ತು, ಲೀಟರಿಗೆ 15 ಕಿಲೋಮೀಟರ್ ಕೊಡುತ್ತಿದ್ದುದು 13ಕ್ಕೆ ಇಳಿಯಿತು, ಸ್ಪಾರ್ಕ್ ಪ್ಲಗ್ ಬಿಚ್ಚಿ ನೋಡಿದರೆ ಒಲೆಗೂಡಿನಂತೆ ಮಸಿ. ಎಂಜಿನ್ ಇನ್ನೂ ತಣ್ಣಗಿದೆಯೆಂದು ಭಾವಿಸಿ ಇಸಿಯು (ಎಂಜಿನ್ನನ್ನು ನಿಯಂತ್ರಿಸುವ ಕಂಪ್ಯೂಟರ್) ಹೆಚ್ಚು ಪೆಟ್ರೋಲ್ ಸುರಿಯುತ್ತಿರುವ ಲಕ್ಷಣ ಇದೆಂದು ಊಹಿಸಿದೆ. ಆದರೆ ಹೀಟರ್ ಹೋಸಿಗೆ ಟೀ ಜಾಯಿಂಟ್ ಹಾಕಿ ಕೂರಿಸಿದ್ದ ಥರ್ಮೋಕಪಲ್, ಹೆದ್ದಾರಿಯಲ್ಲಿ 79 ತೋರಿಸುತ್ತಿತ್ತು. 82ರ ಥರ್ಮೋಸ್ಟಾಟಿಗೆ ಅದೇನೂ ಗಾಬರಿಪಡುವಂತಹ ಅಂಕಿಯಲ್ಲ. ಪಾತ್ರೆಯ ಪರೀಕ್ಷೆಗೂ ರಸ್ತೆಯ ಪರೀಕ್ಷೆಗೂ ತಾಳೆಯಾಗುತ್ತಿತ್ತು, ತಾಳೆಯಾಗದೆ ಇದ್ದದ್ದು ಕಾರು ಮಾತ್ರ. ಇಸಿಯುಗೆ ಸುದ್ದಿ ಮುಟ್ಟಿಸುವ ಟೆಂಪರೇಚರ್ ಸೆನ್ಸರ್ ಬದಲಾಯಿಸಿದೆ, ಕನೆಕ್ಟರ್ ಉಜ್ಜಿದೆ, ಅರ್ಥಿಂಗ್ ತಂತಿ ಹೊಸದಾಗಿ ಎಳೆದೆ. ಸೆನ್ಸರಿಗೆ ಅಂಗಡಿಯವರು ಹೇಳಿದ ಬೆಲೆಗೆ ನಾಲ್ಕು ಲೀಟರ್ ಒಳ್ಳೆಯ ಕೂಲಂಟ್ ಬರುತ್ತಿತ್ತು.

ಡಿಸೆಂಬರಿನ ಕೊನೆಯ ವಾರ ಮಂಗಳೂರಿಗೆ ಹೋಗಬೇಕಾಯಿತು. ಥರ್ಮೋಸ್ಟಾಟಿನ ಬಗ್ಗೆ ಚಿಕ್ಕಪ್ಪನಿಗೆ ಉಪನ್ಯಾಸ ಕೊಡುವ ಹುಮ್ಮಸ್ಸಿನಲ್ಲಿ, ಮೂಲೆಗೆಸೆದಿದ್ದ 88ರದನ್ನೂ ಮೀಟರನ್ನೂ ಜೊತೆಗೆ ಒಯ್ದಿದ್ದೆ. ಚಿಕ್ಕಮ್ಮ ಕುಚ್ಚಲಕ್ಕಿಗೆ ಎಸರಿಟ್ಟಿದ್ದರು. ಕುದಿಯುವ ಎಸರಿಗೆ ಮೀಟರಿನ ತುದಿ ಅದ್ದಿದೆ. 103 ಎಂದಿತು. ತೆಗೆದು ಒರೆಸಿ ಮತ್ತೆ ಅದ್ದಿದೆ. ಪುನಃ 103. ‘ನಮ್ಮ ಊರಿನ ನೀರಿಗೆ ಏನಾಯಿತು ಮಾರಾಯ?’ ಎಂದು ಚಿಕ್ಕಮ್ಮ ಕೇಳಿದರು. ನೀರಿಗೆ ಏನೂ ಆಗಿರಲಿಲ್ಲ. ಸಮುದ್ರಮಟ್ಟದಿಂದ ಸುಮಾರು 920 ಮೀಟರ್ ಎತ್ತರದ ಬೆಂಗಳೂರಿನಲ್ಲಿ ವಾಯುಭಾರ ಕಡಿಮೆಯಾದ್ದರಿಂದ ನೀರು ಕುದಿಯುವುದೇ ಸುಮಾರು 97ಕ್ಕೆ. ಮೀಟರ್ ಮೊದಲ ದಿನದಿಂದಲೂ ಸತ್ಯವನ್ನೇ ಹೇಳಿತ್ತು, ಅದಕ್ಕೆ ಸುಳ್ಳು ಹೇಳಲು ಕಲಿಸಿದವನು ನಾನು.

ಒಂದೇ ತಪ್ಪು ಎಷ್ಟು ಅಚ್ಚುಕಟ್ಟಾಗಿ ಎಲ್ಲವನ್ನೂ ಕೆಡಿಸಿತ್ತೆಂದು ಲೆಕ್ಕ ಹಾಕುತ್ತಾ ಹೋದಂತೆ ನನಗೇ ನಗು ಬಂತು. ಥರ್ಮೋಸ್ಟಾಟಿನ ಹೊಟ್ಟೆಯಲ್ಲಿರುವುದು ಮೇಣ. ನಿಗದಿತ ಉಷ್ಣತೆಯಲ್ಲಿ ಕರಗಿ, ಹಿಗ್ಗಿ, ಕಡ್ಡಿಯನ್ನು ತಳ್ಳುವ ಆ ಮೇಣಕ್ಕೆ ಬೆಂಗಳೂರು ಮಂಗಳೂರೆಂಬ ಭೇದವಿಲ್ಲ, ಆ ಭೇದವಿರುವುದು ಕುದಿಯುವ ನೀರಿಗೆ. ಹಾಗಾಗಿ 91ಕ್ಕೆ ತೆರೆಯಿತೆಂದು ನಾನು ಬರೆದುಕೊಂಡಿದ್ದ ಹಳೆಯದು ವಾಸ್ತವವಾಗಿ 88ಕ್ಕೇ ತೆರೆದಿತ್ತು. ಅದು ಪೂರ್ತಿ ತೆರೆಯಬೇಕಾದ್ದು 100ರಲ್ಲಿ, ತೆರೆದ ಪಾತ್ರೆಯ ನೀರು ನಮ್ಮ ಊರಿನಲ್ಲಿ ಆ ಅಂಕಿಯನ್ನು ಎಂದೂ ಮುಟ್ಟದು. ಮೂಲೆಗೆ ಬಿದ್ದದ್ದು ಪರಿಶುದ್ಧ ಆರೋಗ್ಯವಂತ. ಹೊಸದು ತೆರೆದದ್ದು 78ಕ್ಕೆ, ಹೆದ್ದಾರಿಯಲ್ಲಿ ಎಂಜಿನ್ ಓಡುತ್ತಿದ್ದುದು 76ರಲ್ಲಿ. ಎರಡು ಅಳತೆಗಳೂ ಒಂದೇ ಮೀಟರಿನಿಂದ ಬಂದ ಮೇಲೆ ಅವು ತಾಳೆಯಾದದ್ದರಲ್ಲಿ ಆಶ್ಚರ್ಯವೇನಿದೆ? ಫ್ರಿಜ್ಜಿನಲ್ಲಿದ್ದ ನಾಲ್ಕು ಐಸ್ ತುಂಡುಗಳನ್ನು ನೀರಿಗೆ ಹಾಕಿ ಸೊನ್ನೆಯನ್ನೂ ನೋಡಿದ್ದರೆ, ಮೀಟರ್ ಅಲ್ಲಿಯೂ 3 ತೋರಿಸಿ ನನ್ನ ಬಣ್ಣ ಬಯಲು ಮಾಡುತ್ತಿತ್ತು.

ಬೆಂಗಳೂರಿಗೆ ಮರಳಿದ ಮೇಲೆ ತಿದ್ದುಪಡಿಯನ್ನು ಅಳಿಸಿ, ಐಸಿನಲ್ಲಿ ಸೊನ್ನೆಯನ್ನು ಖಚಿತಪಡಿಸಿಕೊಂಡು, 88ರದನ್ನು ಮತ್ತೆ ಪಾತ್ರೆಗಿಳಿಸಿದೆ. ನೂರು ಡಿಗ್ರಿ ಮುಟ್ಟಬೇಕಾದರೆ ನೀರಿನ ಕುದಿಬಿಂದುವನ್ನು ಏರಿಸಬೇಕು. ಕೂಲಂಟ್ ಬೆರೆಸಿದರೆ ಸುಲಭ, ಆದರೆ ಎಥಿಲೀನ್ ಗ್ಲೈಕಾಲ್ ವಿಷವಾದ್ದರಿಂದ ಅಡುಗೆಯ ಪಾತ್ರೆಗೆ ಅದನ್ನು ತೋರಿಸಲೂಬಾರದು. ಆದ್ದರಿಂದ ಲೀಟರಿಗೆ 200 ಗ್ರಾಂ ಉಪ್ಪು ಹಾಕಿದೆ. ಕುದಿಬಿಂದು ಮೂರು ಡಿಗ್ರಿಯಷ್ಟು ಏರಿತು, ಕವಾಟ 8 ಮಿಲಿಮೀಟರ್ ತುಂಬ ಎದ್ದು ನಿಂತಿತು. ಉಪ್ಪುನೀರು ಹಿತ್ತಾಳೆಯನ್ನು ತಿನ್ನುವುದರಿಂದ ಥರ್ಮೋಸ್ಟಾಟನ್ನು ಕೂಡಲೇ ತೊಳೆಯಬೇಕು. ಪಾತ್ರೆಯನ್ನೂ ತೊಳೆಯಬೇಕಿತ್ತೆಂದು ಮನೆಯಾಕೆ ಮರುದಿನದ ಸಾರಿನ ಮೂಲಕ ತಿಳಿಸಿಕೊಟ್ಟರು.

ಇನ್ನು ಮೂಲ ಪ್ರಶ್ನೆ: ನಾಕಿಂಗ್. ಮಂಗಳೂರಿನಿಂದ ಮರಳುವಾಗ, ತಂಪು ಥರ್ಮೋಸ್ಟಾಟ್ ಕಾರಿನಲ್ಲಿದ್ದಾಗಲೇ, ಶಿರಾಡಿಯ ಏರಿನಲ್ಲಿ ಉಷ್ಣತೆ 95ಕ್ಕೆ ಹೋಯಿತು, ಗೋಲಿ ಸದ್ದೂ ಬಂತು. ಕಳೆದ ವರ್ಷ 88ರದು ಇದ್ದಾಗ, ತಿದ್ದುಪಡಿಯ ಪಾಪ ಇನ್ನೂ ಅಂಟದ ಅದೇ ಮೀಟರಿನಲ್ಲಿ, ಅದೇ ಏರಿಗೆ ಬರೆದುಕೊಂಡದ್ದು 96. ಪೂರ್ತಿ ಭಾರ ಹೊತ್ತು ಏರುವಾಗ ಎರಡೂ ಕವಾಟಗಳು ಬಹುಪಾಲು ತೆರೆದೇ ಇರುತ್ತವೆ, ಅಲ್ಲಿಂದಾಚೆ ಉಷ್ಣತೆಯನ್ನು ನಿರ್ಧರಿಸುವುದು ರೇಡಿಯೇಟರು ಮತ್ತು ಫ್ಯಾನು. ಥರ್ಮೋಸ್ಟಾಟ್ ಎಂಜಿನ್ನಿನ ಉಷ್ಣತೆ ಎಲ್ಲಿಗಿಂತ ಕೆಳಗಿಳಿಯಬಾರದೆಂಬುದನ್ನು ಕಾಯುತ್ತದೆಯೇ ಹೊರತು, ಎಲ್ಲಿಗಿಂತ ಮೇಲೇರಬಾರದೆಂಬುದನ್ನಲ್ಲ. ಸಿಲ್ಕ್ ಬೋರ್ಡ್ ಜಂಕ್ಷನ್ನಿನಲ್ಲಿ ನಿಂತಾಗಲೂ ಇದೇ ಕತೆ, ಫ್ಯಾನ್ ಯಾವಾಗ ತಿರುಗಬೇಕೆಂಬುದು ಫ್ಯಾನಿನ ಸ್ವಿಚ್ಚಿಗೆ ಬಿಟ್ಟದ್ದು.

ಇದೇ ಕಾರಣಕ್ಕೆ ಮುಂದಿನ ಯೋಜನೆಯಾಗಿ ಆರ್ಡುಯಿನೊ ಎಂಬ ಪುಟ್ಟ ಕಂಪ್ಯೂಟರ್ ಬೋರ್ಡ್ ಬಳಸಿ ಎರಡು ವೇಗದ ಫ್ಯಾನ್ ನಿಯಂತ್ರಕವೊಂದನ್ನು ಕಟ್ಟುವ ಆಲೋಚನೆಯಿದೆ. ಅದರ ಜೊತೆಗೆ ವಾಯುಭಾರ ಸೆನ್ಸರ್ ಕೂಡ ಇರುತ್ತದೆ, ಯಾಕೆಂದು ಹೇಳಬೇಕಾಗಿಲ್ಲ. ಚಿಕ್ಕಪ್ಪನ ಕೊಟ್ಟಿಗೆಯಲ್ಲಿ ತೆಂಗಿನ ಗರಿಗಳ ಕೆಳಗೆ 1089 ಸಿಸಿಯ ಪದ್ಮಿನಿ ಕಾರೊಂದು ಮಲಗಿದೆ. ಅದರ ಥರ್ಮೋಸ್ಟಾಟ್ ಕ್ಯಾಪಿನ ಬೋಲ್ಟುಗಳಿಗೆ ಈಗಾಗಲೇ ತುಕ್ಕು ಬಿಡಿಸುವ ಎಣ್ಣೆ ಹೊಡೆದು ಬಂದಿದ್ದೇನೆ. ಒಳಗೆ ಏನೂ ಇರಲಾರದೆಂದು ಚಿಕ್ಕಪ್ಪನೊಂದಿಗೆ ಒಂದು ಹೋಳಿಗೆ ಊಟದ ಪಣವಿದೆ.

ಎಸ್ಟೀಮಿಗೆ ಹಳೆಯ 88ರದನ್ನೇ ಮತ್ತೆ ಕೂರಿಸಿದ್ದೇನೆ. ಮುನ್ನೂರು ಕಿಲೋಮೀಟರ್ ಓಡಿಸಿದ ಮೇಲೆ ಪ್ಲಗ್ಗುಗಳು ಮಸಿ ಬಿಟ್ಟು ಬಿಸ್ಕತ್ತಿನ ಬಣ್ಣಕ್ಕೆ ತಿರುಗಿವೆ. ನಾಕಿಂಗಿಗಾಗಿ ಈ ಭಾನುವಾರ ಡಿಸ್ಟ್ರಿಬ್ಯೂಟರ್ ಟೈಮಿಂಗ್ (ಪ್ಲಗ್ ಕಿಡಿ ಹಾರಿಸುವ ಕ್ಷಣ) ನೋಡಬೇಕು. 82 ಎಂದು ಅಚ್ಚೊತ್ತಿದ 78ನ್ನು ಹಿಂದಿರುಗಿಸಲು ಜೆ.ಸಿ. ರಸ್ತೆಗೆ ಹೋಗಿದ್ದೆ. ಅಂಗಡಿಯವರು ಅದನ್ನು ಬೆಳಕಿಗೆ ಹಿಡಿದು ಅಂಕಿಯನ್ನು ಓದಿ, ‘82 ಅಂತ ಬರ್ದಿದೆಯಲ್ಲ ಸಾರ್, ನಿಮ್ಮ ಮೀಟರೇ ಸರಿ ಇಲ್ಲ ಅನ್ಸುತ್ತೆ’ ಎಂದರು. ಆರು ವಾರಗಳ ಹಿಂದೆ ಆಗಿದ್ದರೆ ಆ ಮಾತಿಗೆ ಒಪ್ಪಿಬಿಡುತ್ತಿದ್ದೆ.